ಒಲೆ ಲಕ್ಷದ್ದು, ರಿಪೇರಿಗೆ ದಿಕ್ಕಿಲ್ಲ!

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳಿದ್ದರು. ಈಗಿನ ಕಾಲಕ್ಕೆ ಅದರ ಜೊತೆ ಇನ್ನೊಂದನ್ನೂ ಸೇರಿಸಬೇಕು: ಚಿಮಣಿ ರಿಪೇರಿ ಮಾಡಿಸಿ ನೋಡು!

ನಮ್ಮ ಅಜ್ಜಿಗೆ ಚಿಮಣಿ ಅಂದರೆ ಸೀಮೆಎಣ್ಣೆ ಬುಡ್ಡಿ. ಬತ್ತಿ ಸುಟ್ಟರೆ ಸಂತೆಯಲ್ಲಿ ಬತ್ತಿ ಸಿಗುತ್ತಿತ್ತು, ಗಾಜು ಒಡೆದರೆ ಗಾಜು ಸಿಗುತ್ತಿತ್ತು. ಇವತ್ತಿನ ಚಿಮಣಿ ಒಲೆಯ ನೆತ್ತಿಯ ಮೇಲೆ ಗೋಡೆಗೆ ಅಂಟಿಕೊಂಡ ಉಕ್ಕಿನ ಪೆಟ್ಟಿಗೆ. ಬೆರಳು ತೋರಿಸಿದರೆ ಶುರು, ಇನ್ನೊಮ್ಮೆ ತೋರಿಸಿದರೆ ಬಂದ್. ಮೂರನೇ ಸಲ ತೋರಿಸಿದಾಗ ಅದು ಸುಮ್ಮನೆ ಕೂತರೆ ಯಾರನ್ನು ಕರೆಯಬೇಕು? ದಾವಣಗೆರೆಯಲ್ಲಿ ಈಗ ಮನೆಮನೆಯ ಹೆಣ್ಣುಮಕ್ಕಳು ಕೇಳುತ್ತಿರುವ ಪ್ರಶ್ನೆ ಇದೇ.

ಹದಿನೈದು ವರ್ಷದ ಕೆಳಗೆ ಈ ಊರಿನ ಅಡಿಗೆಮನೆ ಅಂದರೆ ಎರಡು ಬರ್ನರಿನ ಗ್ಯಾಸ್ ಒಲೆ, ಒಂದು ಮಿಕ್ಸಿ, ಸ್ವಲ್ಪ ಅನುಕೂಲಸ್ಥರಾದರೆ ಗ್ರೈಂಡರು. ಈಗ ವಿದ್ಯಾನಗರ, ಎಂ.ಸಿ.ಸಿ. ಬಿ ಬ್ಲಾಕ್ ಕಡೆ ಹೊಸ ಮನೆಗೆ ಹೋಗಿ ನೋಡಿ. ಗ್ರಾನೈಟ್ ಕೊರೆದು ಕೂರಿಸಿದ ನಾಲ್ಕು ಬರ್ನರಿನ ಗಾಜಿನ ಒಲೆ, ಅದಕ್ಕೆ ಅವರು 'ಹಾಬ್' ಅನ್ನುತ್ತಾರೆ. ಗೋಡೆಯೊಳಗೆ ಹುಗಿದ ಓವನ್, ಇಂಡಕ್ಷನ್, ಪಾತ್ರೆ ತೊಳೆಯುವ ಯಂತ್ರ. ಕೆಲವರ ಅಡಿಗೆಮನೆಯ ಖರ್ಚಿನಲ್ಲಿ ನಮ್ಮಂಥವರು ಒಂದು ಸೈಟು ಕೊಳ್ಳಬಹುದಿತ್ತು. ಇರಲಿ, ದುಡಿದವರು ಉಣ್ಣುತ್ತಾರೆ, ನಮಗೇಕೆ ಹೊಟ್ಟೆಕಿಚ್ಚು? ಪ್ರಶ್ನೆ ಇರುವುದು ಕೊಂಡದ್ದರ ಬಗ್ಗೆ ಅಲ್ಲ, ಕೆಟ್ಟಮೇಲಿನ ಕಥೆಯ ಬಗ್ಗೆ.

ಮೇಷ್ಟ್ರ ಓವನ್

ಬಿ ಬ್ಲಾಕಿನಲ್ಲಿ ಒಬ್ಬ ನಿವೃತ್ತ ಹೈಸ್ಕೂಲ್ ಮೇಷ್ಟ್ರಿದ್ದಾರೆ. ಹೆಸರು ಬೇಡ ಅಂದರು. ಮಗ ಅಮೆರಿಕದಲ್ಲಿ. ಆರು ವರ್ಷದ ಹಿಂದೆ ಬಂದವನು "ಅವ್ವ ಇನ್ನು ಕಷ್ಟಪಡೋದು ಬೇಡ" ಅಂತ ಅಡಿಗೆಮನೆ ಪೂರ್ತಿ ಕಿತ್ತು ಹೊಸದು ಮಾಡಿಸಿಕೊಟ್ಟು ಹೋದ. ಅವ್ವ ಮೊದಮೊದಲು ಹೆದರಿದರೂ ಆಮೇಲೆ ಆ ಓವನ್ನಿನಲ್ಲಿ ಕೇಕು, ಬ್ರೆಡ್ಡು, ಕೋಡುಬಳೆ ಎಲ್ಲ ಮಾಡುವುದು ಕಲಿತರು. ಮೊಮ್ಮಕ್ಕಳು ಫೋನಿನಲ್ಲಿ ನೋಡಿ ಖುಷಿಪಡುತ್ತಿದ್ದವು.

ನಾಲ್ಕು ತಿಂಗಳ ಹಿಂದೆ ಒಂದು ರಾತ್ರಿ ಗಾಳಿ ಮಳೆ. ಕರೆಂಟು ಹೋಗಿ ಬಂತು, ಮತ್ತೆ ಹೋಗಿ ಬಂತು. ಮೂರನೇ ಸಲ ಬಂದಾಗ ಟ್ಯೂಬ್‌ಲೈಟು ಹಗಲಿನಂತೆ ಬೆಳಗಿ ಆರಿತು. ಬೆಳಿಗ್ಗೆ ನೋಡಿದರೆ ಓವನ್ನಿನ ಮುಖ ಕಪ್ಪು. ಒಂದು ಅಂಕಿ ಇಲ್ಲ, ಒಂದು ಕುಯ್ ಅನ್ನೋ ಸದ್ದಿಲ್ಲ.

ಮೇಷ್ಟ್ರು ಕಂಪನಿಯ ಉಚಿತ ನಂಬರಿಗೆ ಫೋನ್ ಮಾಡಿದರು. ಇಂಗ್ಲಿಷಿಗೆ ಒಂದು ಒತ್ತಿ, ಹಿಂದಿಗೆ ಎರಡು ಒತ್ತಿ. ಕನ್ನಡಕ್ಕೆ ಒತ್ತಲು ಗುಂಡಿ ಇರಲಿಲ್ಲ. ಹತ್ತು ದಿನಕ್ಕೆ ಹುಬ್ಬಳ್ಳಿಯಿಂದ ಒಬ್ಬ ಹುಡುಗ ಬಂದ. ತಿರುಪು ಬಿಚ್ಚಿದ, ಟಾರ್ಚು ಹಾಕಿ ನೋಡಿದ, "ಬೋರ್ಡ್ ಹೋಗಿದೆ ಸರ್" ಅಂದ. ಬಂದದ್ದಕ್ಕೆ ಐದುನೂರು ಚಿಲ್ಲರೆ ಇಸಕೊಂಡು ಹೋದ. ಆಮೇಲೆ ಎರಡು ತಿಂಗಳು ಸುದ್ದಿಯಿಲ್ಲ. ಕೊನೆಗೆ ಬಂದ ಉತ್ತರ: ಈ ಮಾಡೆಲ್ ನಿಂತುಹೋಗಿದೆ, ಬೋರ್ಡ್ ಬರುವುದಿಲ್ಲ, ಹಳೆಯದನ್ನು ಕೊಟ್ಟರೆ ಹೊಸದಕ್ಕೆ ರಿಯಾಯಿತಿ ಕೊಡುತ್ತೇವೆ.

ಆರೇ ವರ್ಷ! ನಮ್ಮ ಮನೆಯ ಒರಳುಕಲ್ಲಿಗೆ ನಾಲ್ಕು ತಲೆಮಾರು. ಸರಿ, ಒರಳುಕಲ್ಲಿಗೆ ಬೋರ್ಡ್ ಇಲ್ಲ ಅಂತೀರಾ? ನಮ್ಮ ಕಚೇರಿಯ ಫ್ಯಾನಿಗೇ ಇಪ್ಪತ್ತೈದು ವರ್ಷ ಆಯ್ತು ಸ್ವಾಮಿ.

ಮಂಡಿಪೇಟೆಯ ಮೇಜು

ಮೇಷ್ಟ್ರ ಓವನ್ ವಿಷಯ ಹಿಡಿದುಕೊಂಡು ನಾನು ಮಂಡಿಪೇಟೆಯ ಸಂದಿಯೊಂದಕ್ಕೆ ಹೋದೆ. ಅಲ್ಲೊಬ್ಬ ರಿಪೇರಿಯವರು ಕೂರುತ್ತಾರೆ. ಐವತ್ತೈದು ದಾಟಿದೆ. ರೇಡಿಯೋದಿಂದ ಶುರುಮಾಡಿ ಟೇಪ್‌ರೆಕಾರ್ಡರ್, ಟಿ.ವಿ., ಮಿಕ್ಸಿ ಹಾದು ಈಗ ಇಂಡಕ್ಷನ್ ಒಲೆಗೆ ಬಂದು ನಿಂತಿದ್ದಾರೆ. ಅಂಗಡಿ ಅಂದರೆ ಆರಡಿ ಮೇಜು, ಬೆಸುಗೆ ಕಡ್ಡಿ, ಮೀಟರು, ಮೇಲೊಂದು ಬಲ್ಬು.

ಈ ಮನುಷ್ಯನ ಪರಿಚಯ ನನಗೆ ಆದದ್ದು ನನ್ನದೇ ಸಂಕಟದಿಂದ. ತಂಗಿಯ ಮದುವೆಗೆ ಬಂದ ಇಂಡಕ್ಷನ್ ಒಲೆ ಎರಡನೇ ವರ್ಷಕ್ಕೆ ಸತ್ತಿತ್ತು. ಸರ್ವೀಸ್ ಸೆಂಟರ್ ಒಂದಕ್ಕೆ ಒಯ್ದೆ. ಬಿಚ್ಚದೆಯೇ "ಬೋರ್ಡ್ ಹೋಗಿದೆ, ಎರಡು ಸಾವಿರದ ಮುನ್ನೂರು" ಅಂದರು. ಒಲೆಯ ಬೆಲೆಯೇ ಮೂರು ಸಾವಿರ! ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಇವರ ಹತ್ತಿರ ಬಂದೆ. ಇವರು ಬಿಚ್ಚಿ ತೋರಿಸಿದ್ದು ಒಂದು ಜಿರಳೆ! ಬೆಚ್ಚಗಿರುತ್ತದೆ ಅಂತ ಒಳಗೆ ಸೇರಿ, ಬೋರ್ಡಿನ ಎರಡು ಕಾಲುಗಳ ನಡುವೆ ಮಲಗಿ, ತಾನೂ ಸುಟ್ಟು ಒಲೆಯನ್ನೂ ಸುಟ್ಟಿತ್ತು. ಫ್ಯೂಸು, ಕರೆಂಟನ್ನು ಬಿಟ್ಟು ಹಿಡಿದು ಮಾಡುವ ಐಜಿಬಿಟಿ ಎಂಬ ಒಂದು ಬಿಲ್ಲೆ, ಮಜೂರಿ ಎಲ್ಲ ಸೇರಿ ನಾನೂರೈವತ್ತು ರೂಪಾಯಿ. ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ಐಜಿಬಿಟಿ ಅಂದರೆ ಏನೆಂದು ಅವತ್ತು ಅರ್ಧ ಗಂಟೆ ಪಾಠವಾಯಿತು. ಆ ಒಲೆ ಇವತ್ತಿಗೂ ಉರಿಯುತ್ತಿದೆ.

ಮೇಷ್ಟ್ರ ಮನೆಯ ಆ ರಾತ್ರಿಯ ಕಥೆ ಹೇಳಿದ ಕೂಡಲೇ ಅವರು ಅಂದರು: "ನ್ಯೂಟ್ರಲ್ ಕಟ್ ಆಗಿರ್ತೈತಿ ನೋಡ್ರಿ."

ಇದನ್ನು ಓದುಗರು ತಿಳಿದುಕೊಳ್ಳುವುದು ಒಳ್ಳೆಯದು. ನಮ್ಮ ಮನೆಗೆ ಬರಬೇಕಾದ್ದು 230 ವೋಲ್ಟ್. ಬೀದಿಯ ಲೈನಿನಲ್ಲಿ ಮೂರು ಫೇಸು, ಒಂದು ನ್ಯೂಟ್ರಲ್. ಒಂದು ಫೇಸಿಗೂ ಇನ್ನೊಂದು ಫೇಸಿಗೂ ನಡುವೆ 400 ವೋಲ್ಟಿನಷ್ಟಿರುತ್ತದೆ. ಗಾಳಿಗೆ ನ್ಯೂಟ್ರಲ್ ತಂತಿ ಕಿತ್ತುಹೋದರೆ ಮನೆಗಳೆಲ್ಲ ಎರಡು ಫೇಸಿನ ನಡುವೆ ಸಿಕ್ಕಿಕೊಳ್ಳುತ್ತವೆ. ಒಂದು ಮನೆಯಲ್ಲಿ ದೀಪ ಮಂಕು, ಪಕ್ಕದ ಮನೆಗೆ ಮುನ್ನೂರು ಮುನ್ನೂರೈವತ್ತು ವೋಲ್ಟ್ ನುಗ್ಗುತ್ತದೆ. ಹಳೇ ಕಾಲದ ಬಲ್ಬಾದರೆ ಪಟ್ ಅಂತ ಹೋಗುತ್ತಿತ್ತು, ಹತ್ತು ರೂಪಾಯಿಗೆ ಮುಗಿಯುತ್ತಿತ್ತು. ಈಗ ಮನೆ ತುಂಬ ಬೋರ್ಡುಗಳು. ಒಂದೇ ರಾತ್ರಿಗೆ ಫ್ರಿಜ್ಜು, ಚಿಮಣಿ, ಓವನ್, ಟಿ.ವಿ. ಎಲ್ಲ ಒಟ್ಟಿಗೆ ಶಿವನ ಪಾದ.

ಇಂಥ ಏಟಿಗೆಂದೇ ಬಹಳಷ್ಟು ಬೋರ್ಡುಗಳಲ್ಲಿ ಕಾಸಿನಗಲದ ಒಂದು ನೀಲಿ ಬಿಲ್ಲೆ ಇರುತ್ತದೆ. ವೋಲ್ಟು ಮಿತಿ ಮೀರಿದರೆ ಅದು ತಾನು ಸುಟ್ಟುಕೊಂಡು ಫ್ಯೂಸು ಹಾರಿಸುತ್ತದೆ, ಉಳಿದದ್ದನ್ನು ಕಾಯುತ್ತದೆ. ಸಾಯುವುದೇ ಅದರ ಕೆಲಸ. ಬೆಲೆ ಕೆಲವೇ ರೂಪಾಯಿ. "ಹತ್ತಕ್ಕೆ ಆರು ಬೋರ್ಡು ಇಷ್ಟರಲ್ಲೇ ಎದ್ದು ಕೂರ್ತಾವ್ರಿ. ಕಂಪನಿ ಹುಡುಗ್ರಿಗೆ ಬೆಸುಗೆ ಹಾಕೋಕೆ ಬಿಡಂಗಿಲ್ಲ. ಬೋರ್ಡ್ ತೆಗಿ, ಬೋರ್ಡ್ ಹಾಕು. ಅಷ್ಟೇ ಕಲ್ಸಿರೋದು" ಅನ್ನುತ್ತಾರೆ ಮಂಡಿಪೇಟೆಯವರು. ಹತ್ತಕ್ಕೆ ಆರು ಎಂಬುದು ಅವರ ಅಂದಾಜು, ನನ್ನದಲ್ಲ.

ಮೇಷ್ಟ್ರ ಓವನ್ನನ್ನು ಅವರು ಹೋಗಿ ನೋಡಿಯೂ ಬಂದರು. ನೀಲಿ ಬಿಲ್ಲೆ ಸತ್ತದ್ದು ನಿಜ. ಅದನ್ನು ಹಾಕಿದರು. ಆದರೆ ಏಟು ಅದನ್ನೂ ದಾಟಿ ಒಳಗಿನ ಒಂದು ಚಿಪ್ಪನ್ನು ಸುಟ್ಟಿತ್ತು. ಅದರ ಮೇಲಿನ ಅಂಕಿಯನ್ನು ಕಂಪನಿಯವರೇ ಉಜ್ಜಿ ಅಳಿಸಿದ್ದರು. ಯಾವ ಚಿಪ್ಪು ಅಂತ ಗೊತ್ತಾದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕಬಹುದು. ಗೊತ್ತಾಗದಿದ್ದರೆ? ಕಂಪನಿಗೆ ಬರೆದು ಕೇಳಿದರು. ಅಧಿಕೃತ ಕೇಂದ್ರದ ಕೋಡ್ ನಂಬರ್ ಇದ್ದವರಿಗೆ ಮಾತ್ರ ನಕ್ಷೆ, ಬಿಡಿಭಾಗ ಅಂತ ಉತ್ತರ. ನಲವತ್ತು ವರ್ಷ ಬೆಸುಗೆ ಹಿಡಿದ ಕೈಗೆ ಕೋಡ್ ನಂಬರ್ ಇಲ್ಲ. ಹದಿನೈದು ದಿನ ತರಬೇತಿ ಪಡೆದ ಹುಡುಗನಿಗೆ ಇದೆ.

ಹುಡುಗನ ತಪ್ಪಲ್ಲ ಬಿಡಿ. ಅಂಥ ಒಬ್ಬನ ಜೊತೆ ಜಯದೇವ ವೃತ್ತದಲ್ಲಿ ಟೀ ಕುಡಿದೆ. ಸಂಬಳವಿಲ್ಲ, ಕರೆಗೆ ಇಷ್ಟು ಅಂತ ಲೆಕ್ಕ. ಪೆಟ್ರೋಲು ಅವನದೇ. ಗ್ಯಾರಂಟಿಯೊಳಗಿನ ಕರೆಗೆ ಸಿಗುವುದು ಕಡಿಮೆ, ಆದ್ದರಿಂದ ಚಿಮಣಿ ತೊಳೆಯುವ ಎಣ್ಣೆ, ವರ್ಷದ ಕಾಂಟ್ರಾಕ್ಟು ಮಾರಿದರೆ ಮಾತ್ರ ತಿಂಗಳು ಕಳೆಯುತ್ತದೆ. "ಬೋರ್ಡ್ ಹೋಗಿದೆ ಅಂದ್ರೆ ಕೆಲಸ ಬೇಗ ಮುಗೀತದೆ ಅಣ್ಣಾ" ಅಂತ ತಲೆ ತಗ್ಗಿಸಿದ. ಸುಲಿಗೆ ಎಲ್ಲಿಂದ ಶುರುವಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಬೆಂಕಿಯ ಜೊತೆ ಆಟ

ಓವನ್ ಕೆಟ್ಟರೆ ಕೇಕು ಇಲ್ಲ, ಅಷ್ಟೇ. ಗ್ಯಾಸಿನ ವಿಷಯ ಹಾಗಲ್ಲ. ಇದನ್ನು ಸ್ವಲ್ಪ ಗಮನವಿಟ್ಟು ಓದಿ.

ಹೊಸ ಬಡಾವಣೆಗಳಿಗೆ ಪೈಪ್ ಗ್ಯಾಸ್ ಬರುತ್ತಿದೆ. ಸಿಲಿಂಡರ್ ಗ್ಯಾಸು ಒಲೆಗೆ ಬರುವ ಒತ್ತಡ ಸುಮಾರು 30 ಮಿಲಿಬಾರ್. ಪೈಪಿನದು ಸುಮಾರು 21. ಒಂದು ಲೀಟರ್ ಪೈಪ್ ಗ್ಯಾಸಿನಲ್ಲಿರುವ ಕಾವು ಕೂಡ ಸಿಲಿಂಡರ್ ಗ್ಯಾಸಿನ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಅದಕ್ಕೆ ಜೆಟ್ಟಿನ ತೂತು ದೊಡ್ಡದಿರಬೇಕು. ಸಾಧಾರಣ ಒಲೆಗಾದರೆ ಜೆಟ್ ಬದಲಿಸಿಕೊಡುತ್ತಾರೆ. ಬೆಲೆಬಾಳುವ ಹಾಬ್‌ಗೆ ಅದೇ ಕಂಪನಿಯ ಜೆಟ್ ಬೇಕು, ಅದು ಬೇಗ ಸಿಗುವುದಿಲ್ಲ. ಆಗ ಏನಾಗುತ್ತದೆ? ಯಾರೋ ಒಬ್ಬ ಬಂದು ಇದ್ದ ಜೆಟ್ಟಿಗೇ ಸಣ್ಣ ಡ್ರಿಲ್ ಇಟ್ಟು ತೂತು ಅಗಲ ಮಾಡಿ ಹೋಗುತ್ತಾನೆ. ಸದ್ಯಕ್ಕೆ ಉರಿಯುತ್ತದೆ. ನಾಳೆ ಆ ಮನೆಯವರು ಸಿಲಿಂಡರ್ ಇರುವ ಬಡಾವಣೆಗೆ ಹೋದರೆ, ಅದೇ ಅಗಲ ತೂತಿನಲ್ಲಿ ಹೆಚ್ಚು ಒತ್ತಡದ ಗ್ಯಾಸು ನುಗ್ಗಿ ಹಳದಿ ಜ್ವಾಲೆ ಪಾತ್ರೆಯ ಪಕ್ಕಕ್ಕೆ ಏಳುತ್ತದೆ. ತಳ ಮಸಿ ಹಿಡಿಯುತ್ತದೆ. ಗ್ಯಾಸು ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ತಲೆನೋವಿನಿಂದ ಶುರುವಾಗಿ ಪ್ರಾಣ ತೆಗೆಯುವ ಗಾಳಿ.

ಮಂಡಿಪೇಟೆಯವರ ಹತ್ತಿರ ಒಂದು ಹಾಬ್ ಹೀಗೇ ಬಂದಿತ್ತಂತೆ. ಮುಟ್ಟಲಿಲ್ಲ. "ಕರೆಂಟಿನದ್ದು ನಾ ನೋಡ್ತೀನ್ರಿ, ಗ್ಯಾಸಿಂದು ನನ್ನ ಕಸುಬಲ್ಲ. ಗ್ಯಾಸ್ ಏಜೆನ್ಸಿ ಮೆಕ್ಯಾನಿಕ್ ಕರೀರಿ ಅಂದೆ" ಅಂದರು. ತನಗೆ ಬಾರದ್ದನ್ನು ಬಾರದು ಅನ್ನುವ ರಿಪೇರಿಯವನೇ ನಂಬಿಕಸ್ಥ ಅಂತ ನನಗೆ ಅವತ್ತು ಅನ್ನಿಸಿತು.

ಮೈಕ್ರೋವೇವ್ ಓವನ್ ಕೂಡ ಮನೆಯಲ್ಲಿ ಬಿಚ್ಚುವ ವಸ್ತುವಲ್ಲ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್ ಎಂಬ ಡಬ್ಬಿಯಲ್ಲಿ ಎರಡು ಸಾವಿರ ವೋಲ್ಟಿನಷ್ಟು ಕರೆಂಟು ಕೂತಿರಬಹುದು. ವಿಡಿಯೋ ನೋಡಿ ತಿರುಪು ಬಿಚ್ಚುವ ಕಾಲೇಜು ಹುಡುಗರಿಗೆ ಮನೆಯವರು ಇದನ್ನು ಹೇಳಬೇಕು. ಒಳಗೆ ಕಿಡಿ ಹಾರಿದರೆ ಬಹಳ ಸಲ ಪಕ್ಕದ ಗೋಡೆಯ ಮೈಕಾ ಹಾಳೆ ಎಣ್ಣೆ ಕುಡಿದು ಸುಟ್ಟಿರುತ್ತದೆ. ಅದು ನೂರಿನ್ನೂರರ ಕೆಲಸ, ಓವನ್ ಎಸೆಯುವ ಕೆಲಸವಲ್ಲ.

ಇನ್ನು ಸುಮ್ಮಸುಮ್ಮನೆ ದುಡ್ಡು ಕೊಡುವವರೂ ಇದ್ದಾರೆ. ಒತ್ತಿದರೆ ಹೊತ್ತಿಕೊಳ್ಳುವ ಹಾಬ್ ಟಿಕ್ ಟಿಕ್ ಅನ್ನುವುದು ನಿಂತರೆ ಮೊದಲು ಅಡಿಯಲ್ಲಿ ಕೈ ಹಾಕಿ ನೋಡಿ. ಎಷ್ಟೋ ಮಾಡೆಲುಗಳಲ್ಲಿ ಟಾರ್ಚಿನ ದಪ್ಪ ಸೆಲ್ ಒಂದು ಇರುತ್ತದೆ, ಅದು ಮುಗಿದಿರುತ್ತದೆ. ಅಶೋಕ ರಸ್ತೆಯ ಬಟ್ಟೆ ಅಂಗಡಿಯವರೊಬ್ಬರು ಇದಕ್ಕೆ ಕಂಪನಿಯವನನ್ನು ಕರೆಸಿ ಐದುನೂರು ಕೊಟ್ಟೆ ಅಂತ ನನ್ನೆದುರೇ ಹಣೆ ಚಚ್ಚಿಕೊಂಡರು. ಹಾಗೆಯೇ ಒಲೆ ಹೊತ್ತಿ, ಗುಂಡಿ ಬಿಟ್ಟ ತಕ್ಷಣ ಆರಿದರೆ, ಬರ್ನರ್ ಪಕ್ಕದ ಪುಟ್ಟ ಕಡ್ಡಿಯ ಮೇಲೆ ಸಾರು ಉಕ್ಕಿ ಒಣಗಿರುವ ಸಾಧ್ಯತೆಯೇ ಹೆಚ್ಚು. ಆ ಕಡ್ಡಿ ಬಿಸಿಯಾದರೆ ಮಾತ್ರ ಗ್ಯಾಸು ಬಿಡುತ್ತದೆ. ಉರಿ ಆರಿದಾಗ ಗ್ಯಾಸು ತಾನಾಗಿ ನಿಲ್ಲಲಿ ಅಂತ ಮಾಡಿದ ಏರ್ಪಾಡು ಅದು. ಒಲೆ ತಣ್ಣಗಾದ ಮೇಲೆ ಒರೆಸಿದರೆ ಸರಿಹೋಗುತ್ತದೆ. ಕಡ್ಡಿಯನ್ನೇ ಕಿತ್ತು ಹಾಕಿಸುವ ಬುದ್ಧಿವಂತರಿದ್ದಾರೆ, ಅದು ಮಾತ್ರ ಬೇಡ. ಗ್ಯಾಸಿನ ಕಿತ್ತಳೆ ಬಣ್ಣದ ಸುರಕ್ಷಾ ಪೈಪು ಐದು ವರ್ಷಕ್ಕೊಮ್ಮೆ ಬದಲಾಗಬೇಕು. ಹಾಬ್ ಇರುವ ಮನೆಗಳಲ್ಲಿ ಅದು ಕಪಾಟಿನ ಹಿಂದೆ ಮರೆಯಾಗಿ ಮರೆತೇ ಹೋಗಿರುತ್ತದೆ.

ದೆಹಲಿಯಲ್ಲಿ ಸಮಿತಿ, ದಾವಣಗೆರೆಯಲ್ಲಿ ಸುಮ್ಮನೆ

ಸರ್ಕಾರಕ್ಕೆ ಇದೆಲ್ಲ ಗೊತ್ತಿಲ್ಲ ಅನ್ನುವ ಹಾಗಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿಯ ಹಕ್ಕು' ಅಂತ 2022ರ ಜುಲೈನಲ್ಲಿ ಒಂದು ಸಮಿತಿ ಮಾಡಿತು. ಕೃಷಿ ಯಂತ್ರ, ಮೊಬೈಲ್, ಗೃಹೋಪಯೋಗಿ ಸಾಮಾನು, ವಾಹನ ಈ ನಾಲ್ಕನ್ನೂ ಆರಿಸಿಕೊಂಡಿತು. ಅದೇ ವರ್ಷ ಡಿಸೆಂಬರ್ 24ರ ಗ್ರಾಹಕರ ದಿನದಂದು ಒಂದು ಜಾಲತಾಣವೂ ಬಂತು. ಕಂಪನಿಗಳು ಕೈಪಿಡಿ, ಬಿಡಿಭಾಗದ ಬೆಲೆ, ಸರ್ವೀಸ್ ವಿವರವನ್ನು ಅಲ್ಲಿ ಹಾಕಬೇಕೆಂಬುದು ಉದ್ದೇಶ. 2024ರಲ್ಲಿ ಇನ್ನೊಂದು ಸಮಿತಿ. ಯಾವ ಸಾಮಾನು ಎಷ್ಟು ಸುಲಭವಾಗಿ ರಿಪೇರಿ ಆಗುತ್ತದೆ ಅಂತ ಅಂಕ ಕೊಡುವ ಪದ್ಧತಿಯ ಬಗ್ಗೆ ಅದು 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಆ ವರದಿಯ ಗಮನ ಮೊಬೈಲು, ಎಲೆಕ್ಟ್ರಾನಿಕ್ಸ್ ಕಡೆ. ಅಡಿಗೆಮನೆಯ ಸರದಿ ಯಾವಾಗಲೋ!

ಕಾರಿನ ವಿಷಯದಲ್ಲಿ ಒಮ್ಮೆ ಗಟ್ಟಿ ಹೆಜ್ಜೆ ಬಿದ್ದಿತ್ತು. ಹೊರಗಿನ ಗ್ಯಾರೇಜಿನವರಿಗೆ ಬಿಡಿಭಾಗ, ಮಾಹಿತಿ ಸಿಗದಂತೆ ಮಾಡಿದ್ದಾರೆ ಅಂತ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತು. ಆಮೇಲೆ ಮೇಲ್ಮನವಿ, ಕೋರ್ಟು ಅಂತ ಅದು ಬೆಳೆಯಿತು. ಆದರೂ ಬಿಡಿಭಾಗ ಬಚ್ಚಿಡುವುದು ತಪ್ಪು ಎಂಬ ಮಾತು ದಾಖಲೆಗೆ ಬಂತಲ್ಲ. ಯುರೋಪಿನಲ್ಲಿ 2021ರಿಂದ ಪಾತ್ರೆ ತೊಳೆಯುವ ಯಂತ್ರ, ಬಟ್ಟೆ ಒಗೆಯುವ ಯಂತ್ರಗಳ ಎಷ್ಟೋ ಬಿಡಿಭಾಗಗಳನ್ನು ಹತ್ತು ವರ್ಷ ಇಟ್ಟಿರಲೇಬೇಕು ಎಂಬ ನಿಯಮ ಇದೆ. ಅಲ್ಲಿಗೊಂದು ನ್ಯಾಯ, ಇಲ್ಲಿಗೊಂದು ನ್ಯಾಯವೇ?

ಹಾಗಂತ ನಮ್ಮ ಕೈ ಪೂರ್ತಿ ಕಟ್ಟಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈನಿಂದ ಜಾರಿಯಲ್ಲಿದೆ. ಕಂಪನಿಯ ಕಚೇರಿ ಮುಂಬೈನಲ್ಲಿರಲಿ, ಬೆಂಗಳೂರಲ್ಲಿರಲಿ, ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಂಡ ಬೆಲೆ ಐದು ಲಕ್ಷದೊಳಗಾದರೆ ಶುಲ್ಕವಿಲ್ಲ. ವಕೀಲರು ಬೇಕೇಬೇಕು ಅಂತಿಲ್ಲ. ತೊಂದರೆ ಆದ ಎರಡು ವರ್ಷದೊಳಗೆ ಕೊಡಬೇಕು. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು. ಕರೆಂಟಿನಿಂದ ಆದ ನಷ್ಟವಾದರೆ ಅದೇ ದಿನ ಬೆಸ್ಕಾಂನ 1912ಕ್ಕೆ ತಿಳಿಸಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಎರಡು ದಿನ ಬಿಟ್ಟು ಹೇಳಿದರೆ ನಂಬುವವರಾರು?

ಇದಕ್ಕೆಲ್ಲ ಬಿಲ್ಲು ಬೇಕು. ಕೇಳಿದರೂ ಬಿಲ್ಲು ಕೊಡದಿರುವುದನ್ನು ಕಾಯಿದೆಯೇ ಅನುಚಿತ ವ್ಯಾಪಾರ ಅನ್ನುತ್ತದೆ. ಕಂಪನಿ ಹೆಸರಿನ ಅಂಗಿ ಹಾಕಿಕೊಂಡು ಬಂದವನು ತನ್ನ ಸ್ವಂತ ಫೋನಿಗೆ ದುಡ್ಡು ಹಾಕಿಸಿಕೊಂಡು ಹೋದರೆ, ನಾಳೆ ಕಂಪನಿ "ನಮ್ಮವನೇ ಅಲ್ಲ" ಅಂದೀತು. ಇನ್ನೊಂದು ಪಿಡುಗು ನಕಲಿ ನಂಬರು. ಚೌಕಿಪೇಟೆಯ ಕಿರಾಣಿಯವರೊಬ್ಬರು ಮೊಬೈಲಿನಲ್ಲಿ ಚಿಮಣಿ ಕಂಪನಿಯ ನಂಬರ್ ಹುಡುಕಿದರು. ಎತ್ತಿದವನು "ನೋಂದಣಿಗೆ ಹತ್ತು ರೂಪಾಯಿ" ಅಂತ ಒಂದು ಲಿಂಕ್ ಕಳಿಸಿದ. ಹತ್ತರ ಬದಲು ಖಾತೆಯಿಂದ ಹದಿನೆಂಟು ಸಾವಿರ ಹೋಯಿತು. ನಂಬರನ್ನು ಸಾಮಾನಿನ ಜೊತೆ ಬಂದ ಪುಸ್ತಕದಿಂದ ತೆಗೆದುಕೊಳ್ಳಿ. ಮೋಸ ಆದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಅಂಗಡಿಯವರಿಗೂ ಒಂದು ಮಾತಿದೆ. ಮಾರುವಾಗ ನಗುನಗುತ್ತಾ ಕಾಫಿ ಕೊಟ್ಟು, ಕೆಟ್ಟಾಗ "ಕಂಪನಿಗೆ ಫೋನ್ ಮಾಡ್ಕೊಳ್ರಿ" ಅಂದರೆ ಹೇಗೆ? ನಿಮ್ಮ ಗಿರಾಕಿ ನಿಮ್ಮ ಮುಖ ನೋಡಿ ಕೊಂಡಿದ್ದು, ಮುಂಬೈಯನ್ನು ನೋಡಿ ಅಲ್ಲ. ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಸರ್ವೀಸಿನವನು ಯಾವ ಊರಿನಿಂದ ಬರುತ್ತಾನೆ ಎಂಬ ಎರಡು ಮಾತನ್ನು ಬಿಲ್ಲಿನ ಹಿಂದೆ ಬರೆದುಕೊಡುವ ಅಂಗಡಿ ಈ ಊರಲ್ಲಿ ಒಂದಾದರೂ ಇದ್ದರೆ ತಿಳಿಸಿ, ಈ ಅಂಕಣದಲ್ಲೇ ಬರೆಯುತ್ತೇನೆ.

ಮಂಡಿಪೇಟೆಯವರೂ ಬಿಲ್ಲು ಕೊಡುವುದಿಲ್ಲ ಅನ್ನುವುದನ್ನು ಮುಚ್ಚಿಡಲಾರೆ. ಕೇಳಿದೆ. "ನಾನೂರು ರೂಪಾಯಿ ಕೆಲಸಕ್ಕೆ ಎಂಥಾ ಬಿಲ್ಲು ಬಿಡ್ರಿ" ಅಂತ ನಕ್ಕರು. ಹಾಗಾಗಲ್ಲ ಅಂತ ಜಗಳ ಮಾಡಿ ಬಂದಿದ್ದೇನೆ. ಅವರಿಗಿರುವ ದೊಡ್ಡ ಚಿಂತೆ ಬೇರೆ. ಇಬ್ಬರು ಹುಡುಗರು ಕೆಲಸ ಕಲಿಯುತ್ತಿದ್ದರು. ಒಬ್ಬ ಬೆಂಗಳೂರಿಗೆ ಹೋಗಿ ಸಾಮಾನು ತಲುಪಿಸುವ ಕೆಲಸ ಹಿಡಿದ. ಇನ್ನೊಬ್ಬ ಐಟಿಐ ಮುಗಿಸಿದವನು, ಅವನೂ ಈ ತಿಂಗಳು ಹೊರಡುತ್ತಾನಂತೆ. ನಕ್ಷೆ ಸಿಗದ, ಬಿಡಿಭಾಗ ಸಿಗದ ಕಸುಬಿಗೆ ಯಾರು ತಾನೇ ನಿಂತಾರು? ಅವರ ಕಣ್ಣಿಗೂ ಪೊರೆ ಬರುತ್ತಿದೆ.

ಮೇಷ್ಟ್ರು ಹೊಸ ಓವನ್ ಕೊಳ್ಳಲು ಒಪ್ಪಿಲ್ಲ. ಮಗ ದುಡ್ಡು ಕಳಿಸುತ್ತೇನೆ ಅಂದರೂ ಬೇಡ ಅಂದಿದ್ದಾರೆ. ಕೊಂಡ ರಸೀತಿ, ಹುಬ್ಬಳ್ಳಿ ಹುಡುಗ ಕೊಟ್ಟ ಚೀಟಿ, ಬೋರ್ಡ್ ಬರುವುದಿಲ್ಲ ಎಂಬ ಪತ್ರ ಎಲ್ಲ ಜೋಡಿಸಿ, ತಮ್ಮ ದುಂಡು ಅಕ್ಷರದಲ್ಲಿ ನಾಲ್ಕು ಪುಟದ ದೂರು ಬರೆದಿಟ್ಟಿದ್ದಾರೆ. ಸೋಮವಾರ ಜಿಲ್ಲಾ ಗ್ರಾಹಕ ಆಯೋಗಕ್ಕೆ ಕೊಡುತ್ತಾರೆ. ಅವರ ಹೆಂಡತಿ ಈಗ ಆ ಓವನ್ನಿನೊಳಗೆ ಹಪ್ಪಳದ ಡಬ್ಬಿ ಇಟ್ಟಿದ್ದಾರೆ. "ಇಲಿ ಬರಲ್ಲ ನೋಡಪ್ಪಾ, ಬಾಗಿಲು ಗಟ್ಟಿ ಐತಿ" ಅಂದರು.